ಏನ್ ಮಹಾ ಅಚೀವ್‌ಮೆಂಟು!

ಕನ್ನಡಕ್ಕೆ ಬಂದ ಇಂಗ್ಲಿಷ್ ನಾಮಪದಗಳಲ್ಲಿ ಬಹುಪಾಲು ಪಾಪದವು. ಬಸ್ಸು, ಲೈಟು, ಪೆನ್ನು, ಟೇಬಲ್ಲು ಎಲ್ಲ ಬಂದವು, ಕೊನೆಗೊಂದು ಉಕಾರ ಅಂಟಿಸಿಕೊಂಡವು, ಹೇಳಿದ ಕೆಲಸ ಮಾಡಿಕೊಂಡು ಇದ್ದುಬಿಟ್ಟವು. ಈ ‘ಅಚೀವ್‌ಮೆಂಟು’ ಮಾತ್ರ ಹಾಗಲ್ಲ. ಅದು ಕಾಲಿಟ್ಟದ್ದೇ ಮುಖ್ಯ ಅತಿಥಿಯ ಗತ್ತಿನಲ್ಲಿ. ಬ್ಯಾಂಕಿನ ಮೀಟಿಂಗು, ಶಾಲೆಯ ವಾರ್ಷಿಕೋತ್ಸವ, ಮದುವೆ ಬ್ರೋಕರನ ಬಯೋಡೇಟಾ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು, ಎಲ್ಲೇ ಹೋದರೂ ಅದಕ್ಕೆ ಮುಂದಿನ ಸಾಲಿನ ಕುರ್ಚಿಯೇ ಆಗಬೇಕು.

ಗತ್ತು ಎಷ್ಟೇ ಇರಲಿ, ಬಾಯಿಗೆ ಬಾಯಿ ದಾಟುವಾಗ ಅದರ ಅವಸ್ಥೆ ನೋಡಬೇಕು. ಕೆಲವರ ಬಾಯಲ್ಲಿ ಅದು ‘ಅಚೀಮೆಂಟು’. ಇನ್ನು ಕೆಲವರಿಗೆ ‘ಅಚ್ಯೂಮೆಂಟು’. ಕಾರ್ಪೊರೇಟ್ ಮಂದಿಗೆ ಏಕವಚನವೇ ಗೊತ್ತಿಲ್ಲ, ಮಾಡಿದ್ದು ಒಂದೇ ಆದರೂ ‘ಅಚೀವ್‌ಮೆಂಟ್ಸ್’. ಕನ್ನಡದಲ್ಲಿ ಅದಕ್ಕೊಂದು ಕ್ರಿಯಾಪದ ಬೇಕೆನಿಸಿದಾಗ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ‘ಅಚೀವ್ ಮಾಡು’ ಅಂದುಬಿಟ್ಟೆವು. ಇಡ್ಲಿ ಮಾಡು, ಸ್ನಾನ ಮಾಡು, ಅಚೀವ್ ಮಾಡು. “ಲೈಫಲ್ಲಿ ಏನಾದ್ರೂ ಅಚೀವ್ ಮಾಡ್ಬೇಕು ಮಗಾ” ಅನ್ನುವ ಡೈಲಾಗು ಕೇಳಬೇಕಾದರೆ ಸಂಜೆ ಐದರ ಮೇಲೆ ಯಾವುದಾದರೂ ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ ನಿಂತರೆ ಸಾಕು. ಹೇಳುವವನು ಮೂರನೇ ಟೀ ಕುಡಿಯುತ್ತಿರುತ್ತಾನೆ, ದುಡ್ಡು ಕೊಡುವವನು ಕೇಳಿಸಿಕೊಳ್ಳುತ್ತಿರುತ್ತಾನೆ.

ಆದರೆ ಈ ಪದದ ಸೊಕ್ಕು ಇಳಿಸಿದ ಕೀರ್ತಿ ಯಾರಿಗಾದರೂ ಸಲ್ಲಬೇಕಾದರೆ ಅದು ನಮ್ಮ ಅಡುಗೆಮನೆಗೆ. ಗಂಡ ಮೂರು ವಾರದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ವಾಷರ್ ಹಾಕಿಸಿ, ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಾನೆ.

“ಲೇ, ನಲ್ಲಿ ಸರಿಹೋಯ್ತು ಕಣೇ.”

“ಏನ್ ಮಹಾ ಅಚೀವ್‌ಮೆಂಟು! ಪ್ಲಂಬರ್‌ಗೆ ಫೋನ್ ಮಾಡಿದ್ದು ನಾನು. ಪಾನ ಹಿಡ್ಕೊಂಡು ನಿಂತಿದ್ರಿ, ಅಷ್ಟೇ.”

ಆ ‘ಮಹಾ’ ಇದೆಯಲ್ಲ, ಅದು ಕನ್ನಡದ ಕೊಡುಗೆ. ಎಂಥ ಇಂಗ್ಲಿಷ್ ಪದವೇ ಬರಲಿ, ಹಿಂದೊಂದು ‘ಮಹಾ’ ಸೇರಿಸಿ ಸ್ವಲ್ಪ ಮೂಗು ಮುರಿದರೆ ಸಾಕು, ಗಾಳಿ ಹೋಗುತ್ತದೆ.

ಇದಕ್ಕೆ ಸಮನಾದ ನಮ್ಮದೇ ಪದ ಇರಲಿಲ್ಲವೇ ಅಂದರೆ, ಇತ್ತು. ಈಗಲೂ ಇದೆ. ಸಾಧನೆ. ಆದರೆ ಅದರ ಸಂಸಾರ ಸ್ವಲ್ಪ ತೊಡಕಿನದು. ಸಭೆಯಲ್ಲಿ ಸಾಧನೆ ದೊಡ್ಡ ಮಾತು, ಮನೆಯಲ್ಲಿ ಸಾಧಿಸುವುದು ಬೇರೆಯೇ ಮಾತು. ಅತ್ತೆ ಸೊಸೆಯ ಮೇಲೆ ಸಾಧಿಸುತ್ತಾಳೆ. ದಾಯಾದಿಗಳು ಮೂರು ತಲೆಮಾರು ಹಗೆ ಸಾಧಿಸುತ್ತಾರೆ. ಮಗು ಅಂಗಡಿ ಮುಂದೆ ಬಿದ್ದು ಹೊರಳಾಡಿ ಹಠ ಸಾಧಿಸುತ್ತದೆ. ಇವರಲ್ಲಿ ಯಾರಿಗೂ ಶಾಲು ಹೊದಿಸಿದ ಉದಾಹರಣೆ ಇಲ್ಲ. ಆದರೆ ಪಟ್ಟು ಬಿಡದ ದುಡಿಮೆ ಅಂತ ನೋಡಿದರೆ ನಿಜವಾದ ಸಾಧಕರು ಇವರೇ.

ಪ್ರೈಮರಿ ಸ್ಕೂಲಿನಲ್ಲಿ ಗಾದೆ ವಿಸ್ತರಿಸಿ ಬರೆಯಿರಿ ಅಂತ ಒಂದು ಪ್ರಶ್ನೆ ಬರುತ್ತಿತ್ತು, ನೆನಪಿದೆಯೇ? ‘ಸಾಧಿಸಿದರೆ ಸಬಳ ನುಂಗಬಹುದು’. ಸಬಳ ಅಂದರೆ ಈಟಿ. ಗಾಂಧೀಜಿ, ವಿಶ್ವೇಶ್ವರಯ್ಯ, ಏಕಲವ್ಯ ಮೂವರನ್ನೂ ಸೇರಿಸಿ ಒಂದು ಪುಟ ತುಂಬಿಸುತ್ತಿದ್ದೆವು. ಈಟಿಯನ್ನು ಯಾಕೆ ನುಂಗಬೇಕು ಅಂತ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಯೋಚಿಸಿದರೆ ಆ ಗಾದೆ ಕಟ್ಟಿದವನು ಪ್ರಚಂಡ ಅನ್ನಿಸುತ್ತದೆ. ಅಚೀವ್‌ಮೆಂಟಿನ ಒಳಗುಟ್ಟನ್ನೆಲ್ಲ ಅವನು ಮೂರು ಪದದಲ್ಲಿ ಹೇಳಿಬಿಟ್ಟಿದ್ದಾನೆ. ಈಟಿ ನುಂಗಿದರೆ ಹೊಟ್ಟೆ ತುಂಬುವುದಿಲ್ಲ, ಊರಿಗೆ ಮಳೆಯೂ ಬರುವುದಿಲ್ಲ. ಜನ ಮಾತ್ರ ಸೇರುತ್ತಾರೆ.

ಇನ್ನು ಇಂಗ್ಲಿಷ್ ಪದದ ಕುಲಗೋತ್ರ ಕೆದಕೋಣ. ಅದು ಇಂಗ್ಲಿಷರ ಸ್ವಂತದ್ದೂ ಅಲ್ಲ, ಫ್ರೆಂಚರಿಂದ ಕಡ ತಂದದ್ದು. ಹಳೆಯ ಫ್ರೆಂಚಿನ ‘ಅಶೆವೆ’ ಅನ್ನುವ ಕ್ರಿಯಾಪದದ ಹೊಟ್ಟೆಯಲ್ಲಿ ‘ತಲೆ’ ಅನ್ನುವ ಅರ್ಥದ ಪದ ಕೂತಿದೆ. ಕೆಲಸವನ್ನು ತಲೆಯವರೆಗೆ, ಅಂದರೆ ತುದಿಯವರೆಗೆ ತಂದು ಮುಟ್ಟಿಸುವುದು ಅಂತ ಅದರ ಭಾವ. ಮೈಸೂರು ಪೇಟದ ವಿಷಯ ಮುಂದೆ ಬರುತ್ತದೆ, ಈ ತಲೆಯನ್ನು ನೆನಪಿಟ್ಟುಕೊಳ್ಳಿ.

ಇದರಲ್ಲೊಂದು ತಮಾಷೆ ಇದೆ. ಇವತ್ತಿನ ಫ್ರೆಂಚಿನಲ್ಲಿ ಅದೇ ಕ್ರಿಯಾಪದಕ್ಕೆ ಎರಡು ಅರ್ಥ. ಒಂದು, ಕೆಲಸ ಪೂರೈಸು. ಇನ್ನೊಂದು, ಗಾಯಗೊಂಡು ಒದ್ದಾಡುತ್ತಿರುವ ಪ್ರಾಣಿಯನ್ನೋ ಮನುಷ್ಯನನ್ನೋ ಪೂರ್ತಿ ಕೊಂದುಬಿಡು. ನಮಗಿದು ಹೊಸದೇನಲ್ಲ. “ಲೆಕ್ಕ ಮುಗಿಸಿದ” ಅಂದರೆ ಗುಮಾಸ್ತನೂ ಆಗಬಹುದು, ಭೂಗತ ಲೋಕದ ಸಿನಿಮಾದ ವಿಲನ್ನೂ ಆಗಬಹುದು. ಫ್ರೆಂಚರೂ ನಾವೂ ಈ ವಿಷಯದಲ್ಲಿ ಒಂದೇ ಪಂಕ್ತಿಯವರು.

ಹಾಗಾಗಿಯೇ ಇರಬೇಕು, ‘ಲೈಫ್‌ಟೈಮ್ ಅಚೀವ್‌ಮೆಂಟ್’ ಪ್ರಶಸ್ತಿ ಅಂದ ಕೂಡಲೇ ಹಿರಿಯರು ಒಂದು ಕ್ಷಣ ಗಲಿಬಿಲಿಗೊಳ್ಳುವುದು. ಜೀವಮಾನದ ಸಾಧನೆ! ಅಂದರೇನು, ಜೀವಮಾನ ಮುಗಿಯಿತು ಅಂತಲೇ? ಇನ್ನು ಮೇಲೆ ಮಾಡಿದ್ದು ಲೆಕ್ಕಕ್ಕಿಲ್ಲವೇ? ಕೊಡುವವರ ಕಣ್ಣಿನಲ್ಲೂ ಒಂದು ಅವಸರ ಇರುತ್ತದೆ, ಸುಳ್ಳು ಹೇಳಬಾರದು. ಇದನ್ನು ಸರಿಯಾಗಿ ಜಬರಿಸಿದವರು ನಮ್ಮ ಡಾ. ರಾಜಕುಮಾರ್. ಅವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದದ್ದು 1995ನೇ ಸಾಲಿನದು. ಇಡೀ ಬದುಕನ್ನು ಚಿತ್ರರಂಗಕ್ಕೆ ಕೊಟ್ಟವರಿಗೆ ಸಲ್ಲುವ ಪ್ರಶಸ್ತಿ ಅದು. ಅಣ್ಣಾವ್ರು ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು, ಆಮೇಲೆ 2000ದಲ್ಲಿ ‘ಶಬ್ದವೇಧಿ’ಯಲ್ಲಿ ಪೊಲೀಸ್ ಅಧಿಕಾರಿಯ ಖಾಕಿ ಹಾಕಿಕೊಂಡು ನಾಯಕರಾಗಿ ಬಂದು ನಿಂತರು. ಜೀವಮಾನ ಅನ್ನುವುದನ್ನು ಸಮಿತಿಯವರು ನಿರ್ಧರಿಸಲು ಬಿಡಲಿಲ್ಲ.

ಇಂಗ್ಲಿಷಿನಲ್ಲಿ ಈ ನಾಮಪದಕ್ಕೆ ಇನ್ನೊಂದು ಅರ್ಥ ಇದೆ. ನನಗೆ ಅದೇ ಬಲು ಇಷ್ಟ. ಅಲ್ಲಿನ ಜಮೀನ್ದಾರಿ ಮನೆತನಗಳಿಗೆ ಒಂದೊಂದು ಲಾಂಛನ ಇರುತ್ತಿತ್ತಷ್ಟೆ. ನಡುವೆ ಗುರಾಣಿ, ಅದರ ಮೇಲೆ ಶಿರಸ್ತ್ರಾಣ, ಅದರ ಮೇಲೊಂದು ತುರಾಯಿ, ಅಕ್ಕಪಕ್ಕ ಎರಡು ಮೃಗಗಳು ಕಾಲೆತ್ತಿ ಗುರಾಣಿ ಹಿಡಿದು ನಿಂತದ್ದು, ಕೆಳಗೆ ಒಂದು ಧ್ಯೇಯವಾಕ್ಯ. ಈ ಇಡೀ ಚಿತ್ರಕ್ಕೆ ಲಾಂಛನಶಾಸ್ತ್ರದವರು ಇಟ್ಟ ಹೆಸರು ‘ಅಚೀವ್‌ಮೆಂಟ್’. ಯುದ್ಧ ಗೆದ್ದದ್ದಕ್ಕಲ್ಲ, ಕೆರೆ ಕಟ್ಟಿಸಿದ್ದಕ್ಕಲ್ಲ, ಬರೆಸಿ ನೇತುಹಾಕಿದ ಬಣ್ಣದ ಚಿತ್ರಕ್ಕೆ!

ಮನೆಯ ಯಜಮಾನನೋ ಯಜಮಾನಿಯೋ ತೀರಿಕೊಂಡರೆ ಆ ಚಿತ್ರವನ್ನು ಮೂಲೆ ಮೇಲೆ ನಿಲ್ಲಿಸಿದ ಚೌಕದ ಹಲಗೆಯ ಮೇಲೆ ಬರೆಸಿ ಬಾಗಿಲ ಮೇಲೆ ತಿಂಗಳುಗಟ್ಟಲೆ ತೂಗುಹಾಕುತ್ತಿದ್ದರು. ಸತ್ತದ್ದು ಗಂಡನೋ ಹೆಂಡತಿಯೋ ಅಂತ ಬೀದಿಯಲ್ಲಿ ಹೋಗುವವರಿಗೆ ಗೊತ್ತಾಗಲೆಂದು ಸತ್ತವರ ಪಕ್ಕದ ಅರ್ಧಕ್ಕೆ ಕಪ್ಪು ಬಳಿಯುತ್ತಿದ್ದರು. ಹೇಳಿ ಹೇಳಿ ನಾಲಿಗೆ ಸವೆದು ಆ ಹಲಗೆಯ ಹೆಸರು ‘ಹ್ಯಾಚ್‌ಮೆಂಟ್’ ಆಯಿತು. ಅಂದರೆ ಪದವನ್ನು ತಿರುಚಿದ್ದಕ್ಕೆ ನಮ್ಮ ‘ಅಚೀಮೆಂಟಿ’ನವರು ನಾಚಿಕೊಳ್ಳಬೇಕಾಗಿಲ್ಲ. ಇಂಗ್ಲೆಂಡಿನ ಶ್ರೀಮಂತರು ನಾಲ್ಕು ಶತಮಾನದ ಹಿಂದೆಯೇ ಅದನ್ನು ಮಾಡಿ ಮುಗಿಸಿದ್ದಾರೆ.

ಆ ಹಲಗೆಗಳು ಈಗ ಅಲ್ಲಿನ ಹಳೆಯ ಚರ್ಚುಗಳ ಗೋಡೆಯಲ್ಲಿ ಧೂಳು ಹಿಡಿದಿವೆ. ಆದರೆ ಪದ್ಧತಿ ಸತ್ತಿಲ್ಲ, ನಮ್ಮ ಸರ್ಕಲ್ಲುಗಳಿಗೆ ಬಂದು ನೆಲೆಸಿದೆ. ಫ್ಲೆಕ್ಸ್! ಹುಟ್ಟುಹಬ್ಬಕ್ಕೆ ಒಂದು, ನಿಗಮ ಮಂಡಳಿಗೆ ನಾಮಕರಣಗೊಂಡರೆ ಒಂದು, ಶಬರಿಮಲೆಗೆ ಹೋಗಿಬಂದರೆ ಒಂದು, ಹೋಗಿಬಿಟ್ಟರೆ ‘ಭಾವಪೂರ್ಣ ಶ್ರದ್ಧಾಂಜಲಿ’ ಅಂತ ಒಂದು. ಇಂಗ್ಲಿಷರ ಹಲಗೆಯಲ್ಲಿ ಸಿಂಹವೋ ಕುದುರೆಯೋ ಗುರಾಣಿ ಹಿಡಿದಿರುತ್ತಿತ್ತು. ನಮ್ಮದರಲ್ಲಿ ಆ ಜಾಗದಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಹನ್ನೆರಡು ಯುವ ಮುಖಂಡರು, ಕೆಳಗೆ ಧ್ಯೇಯವಾಕ್ಯದ ಬದಲು ‘ಶುಭಕೋರುವವರು’. ಹೈಕೋರ್ಟು 2018ರಲ್ಲಿ ಗದರಿಸಿದ ಮೇಲೆ ಬೆಂಗಳೂರಿನಲ್ಲಿ ಕೆಲವು ಕಾಲ ಆಕಾಶ ಕಾಣಿಸಿತ್ತು. ಆಮೇಲೆ ಮುಖಂಡರು ಆ ಗದರಿಕೆಗೂ ಒಗ್ಗಿಕೊಂಡರು.

ನಮ್ಮ ರಾಜ್ಯದ ಲಾಂಛನವನ್ನೇ ನೋಡಿ. ನಡುವೆ ಗುರಾಣಿಯಲ್ಲಿ ಗಂಡಭೇರುಂಡ, ನೆತ್ತಿಯ ಮೇಲೆ ಅಶೋಕನ ಸಿಂಹಗಳು, ಎಡಬಲಕ್ಕೆ ಆನೆಯ ಮುಖ ಸಿಂಹದ ಮೈ ಇರುವ ಎರಡು ಪ್ರಾಣಿಗಳು. ಮೈಸೂರು ಅರಸರಿಂದ ಬಂದ ಬಳುವಳಿ. ಲಾಂಛನಶಾಸ್ತ್ರದ ಕಟ್ಟುನಿಟ್ಟಿನ ಭಾಷೆಯಲ್ಲಿ ಇದೂ ಒಂದು ಅಚೀವ್‌ಮೆಂಟೇ. ಹಾಗೆ ನೋಡಿದರೆ ಸರ್ಕಾರಿ ಕಾಗದದ ನೆತ್ತಿಯ ಮೇಲೆ ಅಚೀವ್‌ಮೆಂಟು ಮೊದಲೇ ಅಚ್ಚಾಗಿರುತ್ತದೆ. ಕೆಳಗೆ ಏನು ಬರೆದಿದ್ದರೂ ನಡೆಯುತ್ತದೆ.

ಕೆಳಗೆ ಬರೆಯುವುದು ಏನನ್ನು ಅಂದಿರಾ? ಕೆಡಿಪಿ ಸಭೆಯ, ಅಂದರೆ ಸರ್ಕಾರಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನೆಯ ಸಭೆಯ ತಖ್ತೆಯನ್ನು. ಜಿಲ್ಲಾ ಪಂಚಾಯಿತಿಯ ಸಭಾಂಗಣದಲ್ಲಿ, ತಾಲ್ಲೂಕು ಕಚೇರಿಗಳಲ್ಲಿ, ಅಡ್ಡಡ್ಡ ಹಾಳೆಯಲ್ಲಿ ಗೆರೆ ಎಳೆದ ಆ ತಖ್ತೆಯನ್ನು ನೀವು ನೋಡಿರಬೇಕು. ಕ್ರಮಸಂಖ್ಯೆ, ಕಾರ್ಯಕ್ರಮದ ಹೆಸರು, ಭೌತಿಕ ಗುರಿ, ಭೌತಿಕ ಸಾಧನೆ, ಆರ್ಥಿಕ ಗುರಿ, ಆರ್ಥಿಕ ಸಾಧನೆ, ಶೇಕಡಾ, ಷರಾ. ತಪಸ್ಸು ಮಾಡಿ ಪಡೆಯುತ್ತಿದ್ದ ಸಾಧನೆಗೆ ಇಲ್ಲಿ ಒಂದು ಇಂಚು ಅಗಲದ ಕಾಲಂ. ಅದರಲ್ಲಿ ಬೋರ್‌ವೆಲ್ಲೂ ಸಾಧನೆ, ಹೊಲಿಗೆ ಯಂತ್ರ ಹಂಚಿದ್ದೂ ಸಾಧನೆ, ನಾಯಿಗಳಿಗೆ ಚುಚ್ಚುಮದ್ದು ಹಾಕಿದ್ದೂ ಸಾಧನೆ. ಬೋರ್‌ವೆಲ್ಲಿನಲ್ಲಿ ನೀರು ಬಿತ್ತೋ ಇಲ್ಲವೋ ಅನ್ನುವ ಸಣ್ಣ ವಿಷಯ ಇದ್ದರೆ ಷರಾದಲ್ಲಿ. ಷರಾ ಕಾಲಂ ಸಾಮಾನ್ಯವಾಗಿ ಖಾಲಿ.

ಕಾಲಮ್ಮಿನ ಈ ಚಟ ಯಾವಾಗಲೂ ನಗುವ ವಿಷಯವಲ್ಲ, ನಿಜ. ತುರ್ತು ಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಮೇಲಿನಿಂದ ಗುರಿ ಬಂತು, ಕೆಳಗೆ ಮೇಷ್ಟರಿಗೂ ಗ್ರಾಮಸೇವಕರಿಗೂ ‘ಕೇಸು ತನ್ನಿ’ ಅಂತ ಹುಕುಂ ಹೋಯಿತು, ಮನುಷ್ಯರೇ ಅಂಕಿಗಳಾದರು. ಗುರಿ ಗೊತ್ತುಪಡಿಸುವ ಪದ್ಧತಿಯನ್ನು ಕುಟುಂಬ ಯೋಜನೆಯಿಂದ ಕೈಬಿಟ್ಟದ್ದು 1996ರ ಏಪ್ರಿಲಿನಲ್ಲಿ. ಕಾಗದದ ಮೇಲಾದರೂ ಕೈಬಿಟ್ಟರು.

ಏಪ್ರಿಲ್ ಅಂದಾಗ ಅದರ ಹಿಂದಿನ ದಿನವೇ ನೆನಪಾಗುತ್ತದೆ. ಮಾರ್ಚ್ 31. ಅಚೀವ್‌ಮೆಂಟು ಅನ್ನುವ ಪದ ಇಡೀ ವರ್ಷದಲ್ಲಿ ಅತಿ ಹೆಚ್ಚು ಸಲ ಉಚ್ಚಾರಗೊಳ್ಳುವ ದಿನ. ಬ್ಯಾಂಕಿನವರನ್ನು ಕೇಳಿ ಬೇಕಾದರೆ. ನನ್ನ ಪರಿಚಯದ ನಿವೃತ್ತ ಮೇಷ್ಟರೊಬ್ಬರಿಗೆ ಪ್ರತಿ ವರ್ಷ ಆ ವಾರದಲ್ಲಿ ಒಬ್ಬ ಮ್ಯಾನೇಜರರ ಫೋನ್ ತಪ್ಪದೆ ಬರುತ್ತದೆ.

“ನಮಸ್ಕಾರ ಮೇಷ್ಟ್ರೇ, ಆರೋಗ್ಯವಾ? ಒಂದು ಸಣ್ಣ ಉಪಕಾರ ಆಗ್ಬೇಕಿತ್ತು. ಎರಡು ಲಕ್ಷ ನಮ್ಮ ಬ್ರಾಂಚಲ್ಲಿ ಇಟ್ಟುಬಿಡಿ.”

“ಬಡ್ಡಿ ಜಾಸ್ತಿ ಕೊಡ್ತೀರೇನ್ರಿ?”

“ಬಡ್ಡಿ ಪ್ರಶ್ನೆ ಅಲ್ಲ ಸಾರ್. ಒಂದೇ ಒಂದು ರಾತ್ರಿ. ಮೂವತ್ತೊಂದನೇ ತಾರೀಖು ಇಡಿ, ಆಮೇಲೆ ಬ್ಯಾಂಕ್ ತೆಗೆದ ತಕ್ಷಣ ವಾಪಸ್ ತಗೊಳ್ಳಿ. ನಮ್ಮ ಡೆಪಾಸಿಟ್ ಅಚೀವ್‌ಮೆಂಟ್ ತೊಂಬತ್ತೆಂಟು ಪರ್ಸೆಂಟಿಗೆ ನಿಂತುಬಿಟ್ಟಿದೆ.”

“ಅಲ್ರೀ, ಒಂದು ರಾತ್ರಿಗೆ ಇಟ್ಟು ಬೆಳಗ್ಗೆ ತೆಗೆದ್ರೆ ನಿಮಗೇನು ಬಂತು?”

“ನೂರು ಪರ್ಸೆಂಟ್ ಬಂತಲ್ಲ ಸಾರ್!”

ಮೇಷ್ಟರು ಇಡುತ್ತಾರೆ. ಪಕ್ಕದ ಬೀದಿಯ ಇನ್ನೊಂದು ಬ್ಯಾಂಕಿನಿಂದ ತೆಗೆದು ಇಲ್ಲಿಗೆ ಇಡುತ್ತಾರೆ. ಅಲ್ಲಿನ ಮ್ಯಾನೇಜರು ತೊಂಬತ್ತೆಂಟಕ್ಕೆ ಇಳಿಯುತ್ತಾನೆ, ಅವನು ಇನ್ನೊಬ್ಬ ಮೇಷ್ಟರಿಗೆ ಫೋನ್ ಮಾಡುತ್ತಾನೆ. ಊರಿನ ದುಡ್ಡು ಊರಲ್ಲೇ ಕುಂಟಾಬಿಲ್ಲೆ ಆಡುತ್ತದೆ. ಏಪ್ರಿಲ್ ತಿಂಗಳಲ್ಲಿ ಇಬ್ಬರು ಮ್ಯಾನೇಜರರಿಗೂ ಮೇಲಿನಿಂದ ಮೆಚ್ಚುಗೆಯ ಈಮೇಲು.

ಇಂಥ ಮ್ಯಾನೇಜರರಿಗೆಲ್ಲ ಕುಲಗುರು ಒಬ್ಬನಿದ್ದ. ಸೋವಿಯತ್ ದೇಶದ ಡೊನ್‌ಬಾಸ್‌ನ ಗಣಿ ಕಾರ್ಮಿಕ, ಅಲೆಕ್ಸೇ ಸ್ತಖಾನೊವ್. 1935ರ ಆಗಸ್ಟ್ 31ರ ಒಂದು ಪಾಳಿಯಲ್ಲಿ, ಆರು ಗಂಟೆಯೂ ತುಂಬುವ ಮೊದಲೇ, ಅವನು 102 ಟನ್ ಕಲ್ಲಿದ್ದಲು ಕಡಿದ. ನಿಗದಿಯಾದ ಪಾಲು 7 ಟನ್. ಅಂದರೆ ಶೇಕಡಾ ಸಾವಿರದ ನಾನೂರಕ್ಕೂ ಮೇಲೆ! ಸ್ಟಾಲಿನ್ನನ ಸರ್ಕಾರ ಅವನನ್ನು ಎತ್ತಿ ಮೆರೆಸಿತು. ಅಮೆರಿಕದ ‘ಟೈಮ್’ ಪತ್ರಿಕೆ ಕೂಡ ಅದೇ ಡಿಸೆಂಬರಿನಲ್ಲಿ ಮುಖಪುಟದಲ್ಲಿ ಹಾಕಿತು. ಆಮೇಲೆ ಒಂದು ಊರಿಗೇ ಅವನ ಹೆಸರು ಬಂತು. ಫ್ಲೆಕ್ಸ್ ಒಂದು ಬಾಕಿ ಇತ್ತು. ಆದರೆ ಆ ಪಾಳಿಯಲ್ಲಿ ಅವನ ಹಿಂದೆಯೇ ಇಬ್ಬರು ನಿಂತು ಗಣಿಯ ಸೂರು ಕುಸಿಯದಂತೆ ಮರದ ಊರೆ ಕೊಡುತ್ತಾ ಹೋಗಿದ್ದರು. ಉಳಿದ ದಿನ ಆ ಕೆಲಸವನ್ನೂ ಕಡಿಯುವವನೇ ಮಾಡಿಕೊಳ್ಳಬೇಕಿತ್ತು. ಮೂವರ ಕೆಲಸ, ಒಬ್ಬನ ಅಚೀವ್‌ಮೆಂಟು. ಉಳಿದವರಿಗೆ ದಕ್ಕಿದ್ದು ಏರಿದ ಟಾರ್ಗೆಟ್ಟು. “ಅವನು ಮಾಡಿದ್ನಲ್ಲ, ನಿಮಗೇನು ರೋಗ?” ಅನ್ನುವ ಮಾತು ರಷ್ಯನ್ ಭಾಷೆಯಲ್ಲೂ ಇದ್ದೇ ಇರಬೇಕು.

ಈ ಪದದ ಅರ್ಥವನ್ನು ಅಚ್ಚುಹಾಕಿದ ಕತೆ ಇದಕ್ಕಿಂತ ಸೊಗಸು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ 1879ರಲ್ಲಿ ಕೆಲಸಕ್ಕೆ ಒಪ್ಪಿದಾಗ ಲೆಕ್ಕಾಚಾರ ಹತ್ತು ವರ್ಷ, ನಾಲ್ಕು ಸಂಪುಟ. ಐದು ವರ್ಷ ಕಳೆದು 1884ರಲ್ಲಿ ಮೊದಲ ಕಂತು ಹೊರಬಂತು. ಎಲ್ಲಿಯವರೆಗೆ ಗೊತ್ತೇ? ಮೊದಲ ಅಕ್ಷರ ‘ಎ’ ಇಂದ ‘ಆ್ಯಂಟ್’ ತನಕ. ಇರುವೆಯ ತನಕ ಬಂದು ನಿಂತಿತ್ತು, ಇರುವೆಯ ವೇಗದಲ್ಲೇ. ನಮ್ಮ ಅಚೀವ್‌ಮೆಂಟು ಅಕ್ಷರಕ್ರಮದಲ್ಲಿ ಇರುವೆಗಿಂತ ಮುಂದೆ ಇರುವುದರಿಂದ ಆ ಮೊದಲ ಕಂತಿನಲ್ಲೇ ಜಾಗ ಹಿಡಿಯಿತು. ಇಡೀ ನಿಘಂಟು ಮುಗಿದದ್ದು 1928ರಲ್ಲಿ. ಮರ್ರೆ 1915ರಲ್ಲೇ ತೀರಿಕೊಂಡಿದ್ದರು. ಅಚೀವ್‌ಮೆಂಟು ಅಂದರೇನೆಂದು ಲೋಕಕ್ಕೆ ವಿವರಿಸಿದ ಪುಸ್ತಕ ತನ್ನ ಟಾರ್ಗೆಟ್ಟನ್ನು ನಲವತ್ತು ವರ್ಷದಷ್ಟು ತಪ್ಪಿಸಿಕೊಂಡಿತು!

ನಮ್ಮ ಕಿಟೆಲ್ ಸಾಹೇಬರೂ ಅದೇ ಜಾತಿ. 1853ರಲ್ಲಿ ಈ ಕಡೆಗೆ ಬಂದವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದು 1894ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಿಗೆ 1970ರಿಂದ 1995ರ ತನಕ ಹಿಡಿಯಿತು, ಅದರ ಹಿಂದಿನ ತಯಾರಿಯ ವರ್ಷಗಳನ್ನು ಬಿಟ್ಟು. ಕಿಟೆಲ್ಲರನ್ನು ಒಂದು ಸಲ ಕೆಡಿಪಿ ಸಭೆಗೆ ಕರೆದಿದ್ದರೆ ಹೇಗಿರುತ್ತಿತ್ತು ಅಂತ ಕಲ್ಪಿಸಿಕೊಳ್ಳಿ. “ಏನ್ರೀ ಕಿಟೆಲ್, ‘ಕ’ಕಾರದಲ್ಲೇ ಎಷ್ಟು ತಿಂಗಳು ಕೂತಿರ್ತೀರಿ? ಈ ತಿಂಗಳ ಸಾಧನೆ ಸೊನ್ನೆ ಅಂತ ತೋರಿಸಿದೀರಿ. ಪಕ್ಕದ ಇಲಾಖೆಯವರು ಇನ್ನೂರು ಕುರಿ ಹಂಚಿದಾರೆ. ನೋಟಿಸ್ ಕೊಡ್ಲಾ?” ಪಾದ್ರಿಗಳು ಟೋಪಿ ತೆಗೆದು ನಮಸ್ಕಾರ ಹೇಳಿ ಜರ್ಮನಿಯ ಹಡಗು ಹತ್ತಿಬಿಡುತ್ತಿದ್ದರು. ನಮಗೆ ಸಬಳ ಅಂದರೇನೆಂದು ಹೇಳುವವರೂ ಇರುತ್ತಿರಲಿಲ್ಲ.

ಅಚೀವ್‌ಮೆಂಟಿನ ಹುಚ್ಚನ್ನು ವಿಜ್ಞಾನ ಮಾಡಿದವರೂ ಉಂಟು. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್‌ಕ್ಲೆಲೆಂಡ್ 1961ರಲ್ಲಿ ‘ದಿ ಅಚೀವಿಂಗ್ ಸೊಸೈಟಿ’ ಅನ್ನುವ ದಪ್ಪ ಪುಸ್ತಕ ಬರೆದು, ಸಾಧಿಸುವ ಹಂಬಲ ಇರುವ ಸಮಾಜಗಳೇ ಉದ್ಧಾರವಾಗುವುದು ಅಂತ ವಾದಿಸಿದರು. ಬರೀ ಬರೆದು ಕೂರಲಿಲ್ಲ, ಆ ಹಂಬಲವನ್ನು ಕಲಿಸಬಹುದೇ ನೋಡೋಣ ಅಂತ ಹುಡುಕಿಕೊಂಡು ಬಂದದ್ದು ನಮ್ಮ ನೆರೆಯ ಆಂಧ್ರದ ಕಾಕಿನಾಡಕ್ಕೆ. ಕಾಜಾ ತಿನಿಸಿಗೆ ಹೆಸರಾದ ಊರು. ಅಲ್ಲಿನ ವ್ಯಾಪಾರಸ್ಥರಿಗೆ 1964ರಿಂದ ತರಬೇತಿ ಕೊಡಿಸಿದರು, ತರಬೇತಿ ಪಡೆದವರು ಆಮೇಲೆ ಹೊಸ ಉದ್ಯಮಗಳಿಗೆ ಹೆಚ್ಚಾಗಿ ಕೈಹಾಕಿದರು ಅಂತ ಇನ್ನೊಂದು ಪುಸ್ತಕ ಬರೆದರು. ಇಂದಿನ ಮೋಟಿವೇಷನ್ ಭಾಷಣಕಾರರ ಮುತ್ತಜ್ಜ ಅನ್ನಿ.

ಅವರ ಪ್ರಯೋಗಗಳಲ್ಲಿ ನನಗೆ ಹಿಡಿಸಿದ್ದು ಉಂಗುರ ಎಸೆಯುವ ಆಟ. ದೂರದಲ್ಲೊಂದು ಗೂಟ, ಕೈಯಲ್ಲಿ ಬಳೆಗಳು, ಎಷ್ಟು ದೂರದಿಂದ ಬೇಕಾದರೂ ಎಸೆಯಬಹುದು. ಸಾಧನೆಯ ಹಂಬಲ ಕಡಿಮೆ ಇದ್ದವರು ಒಂದೋ ಗೂಟದ ಪಕ್ಕಕ್ಕೇ ಹೋಗಿ ಎಸೆದರಂತೆ, ಇಲ್ಲವೇ ಯಾರಿಗೂ ಸಾಧ್ಯವಾಗದಷ್ಟು ದೂರಕ್ಕೆ ಹೋಗಿ. ಹಂಬಲ ಇದ್ದವರು ನಡುವೆ, ಬೀಳಲೂಬಹುದು ತಪ್ಪಲೂಬಹುದು ಅನ್ನುವ ದೂರದಲ್ಲಿ ನಿಂತರಂತೆ. ಪ್ರಾಧ್ಯಾಪಕರು ನಮ್ಮ ಜಾತ್ರೆಗೆ ಬರಬೇಕಿತ್ತು. ಅಲ್ಲಿಯೂ ಅದೇ ಆಟ, ಗೂಟದ ಬದಲು ಸೋಪು, ಪೌಡರ್ ಡಬ್ಬಿ, ಗೋಡೆ ಗಡಿಯಾರ. ಆದರೆ ಎಲ್ಲಿ ನಿಲ್ಲಬೇಕೆಂದು ಹಗ್ಗ ಕಟ್ಟುವವನು ಅಂಗಡಿಯವನು. ಬಳೆಯ ಅಳತೆಯೂ ಅವನದೇ, ಗಡಿಯಾರದ ಡಬ್ಬಿಗಿಂತ ಕೂದಲೆಳೆ ಸಣ್ಣದು. ನೀವು ಎಂಥ ಹಂಬಲದ ಮನುಷ್ಯನೇ ಆಗಿರಿ, ಮನೆಗೆ ತರುವುದು ಸೋಪು. ಪುಸ್ತಕದಲ್ಲಿ ಹಗ್ಗ ಕಟ್ಟುವವನ ಅಧ್ಯಾಯ ಸ್ವಲ್ಪ ತೆಳ್ಳಗಾಯಿತು.

ವಿಡಿಯೊ ಗೇಮಿನವರು ಹಗ್ಗ ಕಟ್ಟುವವನ ಈ ಗುಟ್ಟನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು. 2005ರಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ ಆಟದಲ್ಲಿ ಏನೇ ಮಾಡಿದರೂ ಪರದೆ ಮೇಲೆ ‘ಅಚೀವ್‌ಮೆಂಟ್ ಅನ್‌ಲಾಕ್ಡ್’ ಅಂತ ಮೂಡುವ ವ್ಯವಸ್ಥೆ ಮಾಡಿದರು. ಈಗ ವಾಕಿಂಗ್ ಹೋದರೂ ಫೋನು ಪದಕ ಕೊಡುತ್ತದೆ. ಫೋನನ್ನು ಮೊಮ್ಮಗನ ಜೇಬಿಗೆ ಹಾಕಿ ಆಡಲು ಬಿಟ್ಟು ಸಂಜೆ ಹತ್ತು ಸಾವಿರ ಹೆಜ್ಜೆ ಎಣಿಸಿಕೊಳ್ಳುವ ತಾತಂದಿರು ನಮ್ಮ ಪಾರ್ಕಿನಲ್ಲೇ ಇದ್ದಾರೆ.

ಸರಿ, ಪೇಟಕ್ಕೆ ಬರೋಣ. ಅದಕ್ಕೂ ಮೊದಲು ಅದನ್ನು ತೊಡುವ ‘ಸಾಧಕ’ನ ಕತೆ. ಸಂಗೀತಗಾರರ ಮನೆಯಲ್ಲಿ ‘ಸಾಧನೆ ಮಾಡ್ತಿದಾನೆ’ ಅಂದರೆ ಇವತ್ತಿಗೂ ಬೆಳಗಿನ ಜಾವ ಎದ್ದು ಸರಳೆವರಸೆ ತಿಕ್ಕುತ್ತಿದ್ದಾನೆ ಅಂತಲೇ ಅರ್ಥ. ಕಛೇರಿ ಆಯಿತು ಅಂತಲ್ಲ. ಯೋಗದವರಲ್ಲೂ ಹಾಗೆಯೇ, ದಾರಿಯಲ್ಲಿ ಇರುವವನು ಸಾಧಕ, ಊರು ತಲುಪಿದವನು ಸಿದ್ಧ. ಅಚೀವ್‌ಮೆಂಟಿನ ಸಹವಾಸದಿಂದ ಈ ಪದ ಕೆಟ್ಟಿತು. ಈಗ ಸಾಧಕ ಅಂದರೆ ಸನ್ಮಾನಕ್ಕೆ ಸಿಗುವವನು. ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಒಂದು ಕಾಲದಲ್ಲಿ ನೂರೈವತ್ತನ್ನೂ ದಾಟಿತ್ತು. ಆಮೇಲೆ ಎಷ್ಟನೇ ರಾಜ್ಯೋತ್ಸವವೋ ಅಷ್ಟೇ ಮಂದಿಗೆ ಅಂತ ನಿಯಮ ಬಂತು. ಹಾಗಾಗಿ 2023ರಲ್ಲಿ 68 ಸಾಧಕರು. ಗುರಿ 68, ಸಾಧನೆ 68, ಶೇಕಡಾ 100. ಷರಾ ಇಲ್ಲ.

ರಾಜಧಾನಿಯ ಮಾತು ಬಿಡಿ, ನಮ್ಮೂರ ಸಮುದಾಯ ಭವನದ ಸನ್ಮಾನ ನೋಡಿ. ಮೊದಲು ಶಾಲು, ಆಮೇಲೆ ಹಾರ, ಆಮೇಲೆ ಪೇಟ, ಆಮೇಲೆ ಹಣ್ಣಿನ ಬುಟ್ಟಿ, ಕೊನೆಗೆ ಸ್ಮರಣಿಕೆ. ಪೇಟ ಸುತ್ತಿ ಕಟ್ಟುವ ಕಾಲ ಹೋಯಿತು, ಈಗೆಲ್ಲ ರೆಡಿಮೇಡು, ಎಲ್ಲರಿಗೂ ಒಂದೇ ಅಳತೆ. ಸಣ್ಣ ತಲೆಯ ಸಾಧಕರಿಗೆ ಅದು ಕಣ್ಣಿನ ತನಕ ಇಳಿಯುತ್ತದೆ, ದೊಡ್ಡ ತಲೆಯವರಿಗೆ ಕಲಶದ ಮೇಲಿನ ತೆಂಗಿನಕಾಯಿಯಂತೆ ಅಲ್ಲಾಡುತ್ತದೆ. ಹಾರ ಹಾಕುವ ಹೊತ್ತಿಗೆ ಫೋಟೊಗ್ರಾಫರು “ಸಾರ್, ಇನ್ನೊಂದ್ಸಲ” ಅನ್ನುತ್ತಾನೆ. ತೆಗೆದು ಮತ್ತೆ ಹಾಕುತ್ತಾರೆ. ಅಷ್ಟರಲ್ಲಿ ವೇದಿಕೆಯ ಮೇಲಿದ್ದವರೆಲ್ಲ ಶಾಲಿನ ಒಂದೊಂದು ತುದಿ ಹಿಡಿದಿರುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಹನ್ನೊಂದು ಮುಖ ಮತ್ತು ಒಂದು ಪೇಟ. ಪರಿಚಯ ಮಾಡಿಕೊಡುವವರು ಮೈಕಿನ ಮುಂದೆ ಬಂದು, “ಇವರ ಸಾಧನೆ ಅಪಾರ, ಸಮಯದ ಅಭಾವದಿಂದ ಹೇಳಲಾಗುತ್ತಿಲ್ಲ” ಅನ್ನುತ್ತಾರೆ. ಸಚಿವರ ಸಾಧನೆ ಹೇಳಲು ಇಪ್ಪತ್ತು ನಿಮಿಷ ಆಗಲೇ ಹೋಗಿರುತ್ತದೆ.

ಇನ್ನು ಆ ಬುಟ್ಟಿ. ಪಳಪಳ ಹಾಳೆ ಸುತ್ತಿ ರಿಬ್ಬನ್ ಕಟ್ಟಿರುತ್ತಾರೆ. ಮೇಲೆ ಎರಡು ಸೇಬು, ಒಂದು ದಾಳಿಂಬೆ ನಗುತ್ತಿರುತ್ತವೆ. ಮನೆಗೆ ತಂದು ಬಿಚ್ಚಿದರೆ ಅದರ ಕೆಳಗೆ ಮೂರು ಮೂಸಂಬಿ, ಅದರ ಕೆಳಗೆ ಉಂಡೆ ಮಾಡಿ ತುರುಕಿದ ಹಳೆಯ ಪೇಪರು. ಬುಟ್ಟಿ ಕಟ್ಟಿದವನಿಗೆ ಗುರಿ–ಸಾಧನೆಯ ತಖ್ತೆ ತುಂಬುವುದು ಹೇಗೆಂದು ಚೆನ್ನಾಗಿ ಗೊತ್ತು. ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಅಂತ 2021ರಲ್ಲಿ ಸುತ್ತೋಲೆಯೇ ಹೊರಟಿತ್ತು. ಸುತ್ತೋಲೆಯ ನೆತ್ತಿಯ ಮೇಲೆ ಗಂಡಭೇರುಂಡ ಇತ್ತು, ಅಷ್ಟರಮಟ್ಟಿಗೆ ಅದೂ ಅಚೀವ್‌ಮೆಂಟೇ.

ಸನ್ಮಾನ ಸಮಿತಿಯ ಮಹನೀಯರಲ್ಲಿ ಒಂದೇ ಮನವಿ. ಪೇಟ ನಿಮ್ಮ ಇಷ್ಟ, ಶಾಲು ನಿಮ್ಮ ಇಷ್ಟ. ಆದರೆ ಸಾಧಕರು ಮೂರು ಬಸ್ಸು ಬದಲಾಯಿಸಿ, ಸ್ವಂತ ಖರ್ಚಿನಲ್ಲಿ, ಮಧ್ಯಾಹ್ನದ ಊಟ ಬಿಟ್ಟು ಬಂದಿರುತ್ತಾರೆ. ಅವರು ಏನು ಮಾಡಿದರೆಂದು ಎರಡು ನಿಮಿಷ ಸರಿಯಾಗಿ ಹೇಳಿ, ಹಣ್ಣಿನ ಬುಟ್ಟಿ ಕೈಬಿಟ್ಟು, ಲಕೋಟೆಯಲ್ಲಿ ಹೋಗಿಬರುವ ಬಸ್ ಚಾರ್ಜು ಇಟ್ಟುಕೊಡಿ.